ಭಾವ ತೆರೆದ ಕ್ಯಾಮೆರಾ

ನೋಡ್ರಪ್ಪ, ಇವತ್ತು ಹೊಸದುರ್ಗದ ನಮ್ಮ ಮನೆಯಲ್ಲಿ ಆದದ್ದಿದು. ಮೊಬೈಲ್ ಎತ್ತಿದರೆ ಮುಖ ತಿರುಗಿಸುವ ಮತ್ತೋಡಿನ ಅತ್ತೆ, ತೀರಿಕೊಂಡ ಮಾವನ ಇಟಲಿ ರೀಲ್ ಕ್ಯಾಮೆರಾ ಕಂಡು, "ಇದ್ರಾಗಾದ್ರೆ ತೆಗಿ" ಎಂದು ರೇಷ್ಮೆ ಸೀರೆ ಉಟ್ಟು ಬಂದು ನಿಂತರು. ಅದಕ್ಕಿರುವುದು ಒಂದು ಲೆನ್ಸು, ಒತ್ತಲು ಒಂದು ಗುಂಡಿ, ಹಿಂದೆ ಎಳೆದರೆ ತೆರೆದುಕೊಳ್ಳುವ ಮುಚ್ಚಳ. ಫೋಟೊ ತೆಗೆದು ಮೇಜಿನ ಮೇಲಿಟ್ಟೆ. ಅಕ್ಕನ ಗಂಡ ಅದನ್ನೆತ್ತಿಕೊಂಡು, "ಎಲ್ಲೈತೆ ಫೋಟೊ, ನೋಡಾಣ" ಎಂದು ಮುಚ್ಚಳ ತೆಗೆದೇಬಿಟ್ಟರು.

"ಬೆಳಕು ಬಿತ್ತಲ್ಲ ಭಾವ, ರೀಲೆಲ್ಲ ಹಾಳಾತು" ಅಂದೆ.

"ಅದಕ್ಯಾಕೆ ಸಿಟ್ಟು? ಇನ್ನೊಂದು ತೆಗಿಯಪ್ಪ."

ಇದ್ದದ್ದು ಅದೊಂದೇ ರೀಲು. ಅತ್ತೆ ಆಗಲೇ ಸೀರೆ ಬದಲಿಸಿ, "ನಾ ಇನ್ನು ನಿಂತ್ಕಳಲ್ಲ" ಅಂದರು.

ಯಾರು ಬೇಕಾದರೂ ಬಳಸಲಿ ಎಂದು ಇಷ್ಟು ಸುಲಭದ ಕ್ಯಾಮೆರಾ ಮಾಡಿದ ಆ ಇಟಲಿಯವನಿಗೆ, ನಮ್ಮ ಭಾವನಂಥ ಭಾವ ಇರಲಿಲ್ಲವೆಂದು ಕಾಣುತ್ತದೆ.