‘ಸಾಕು’ ಎಂಬ ಶಹಬ್ಬಾಸ್

ಕೋವಿಡ್ ಮುಗಿದ ಮರುವರ್ಷ. ವಾರವೆಲ್ಲ ನಾನು ಕುರ್ಲಾದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಭಾನುವಾರ ಬೆಳಿಗ್ಗೆ ಆಂಟಾಪ್ ಹಿಲ್‌ನ ಕನ್ನಡ ಸಂಘವೊಂದರ ಕೋಣೆಯಲ್ಲಿ, ಆರ್ಟ್ ಕಾಲೇಜು ಸೇರಬಯಸುವ ಏಳು ಮಕ್ಕಳಿಗೆ ಮೇಷ್ಟ್ರು. ಅವರ ಪೋರ್ಟ್‌ಫೋಲಿಯೊ, ಅಂದರೆ ಅರ್ಜಿಯ ಜೊತೆ ಕೊಡಬೇಕಾದ ಹನ್ನೆರಡು ಚಿತ್ರಗಳ ಕಟ್ಟು, ಸಿದ್ಧಪಡಿಸುವುದು ನನ್ನ ಕೆಲಸ. ಉಡುಪಿ ಕಡೆಯ ಕಾರ್ಯದರ್ಶಿಗಳು ಕೋಣೆ ಕೊಡುವಾಗ ಒಂದೇ ಷರತ್ತು ಹಾಕಿದ್ದರು: “ಕನ್ನಡದಲ್ಲೇ ಕಲಿಸಿ ಮಾರಾಯ್ರೆ. ಹಾಗಾದರೂ ಮಕ್ಕಳಿಗೆ ನಾಲ್ಕು ಶಬ್ದ ಬರಲಿ.”

ಚಿಂತೆ ಮಾಡುವುದರಲ್ಲಿ ನನಗೆ ಚಿತ್ರಕಲೆಗಿಂತ ಹೆಚ್ಚು ಪರಿಶ್ರಮವಿದೆ. ಪೆನ್ಸಿಲ್ ಕೆತ್ತುವ ಬ್ಲೇಡು, ಗರಗರ ಎನ್ನುವ ಫ್ಯಾನು, ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಮುದುಡುವ ಹಾಳೆ, ಎಲ್ಲವೂ ನನ್ನ ಎದೆಬಡಿತ ಹೆಚ್ಚಿಸುತ್ತಿದ್ದವು. ಮನೆಯಲ್ಲಿ ತಿದ್ದಿ ತಿದ್ದಿ ಚಿತ್ರ ಕೆಡಿಸುತ್ತಾರೆಂಬ ಭಯ ಇವೆಲ್ಲಕ್ಕಿಂತ ದೊಡ್ಡದು. ಅದಕ್ಕೇ ವಾಟ್ಸಾಪ್ ಗ್ರೂಪ್ ಮಾಡಿದೆ. ಪ್ರತಿ ಬುಧವಾರ ಅರ್ಧವಾದ ಚಿತ್ರದ ಫೋಟೊ ಹಾಕಬೇಕು. ಜೊತೆಗೆ ಸ್ಫೂರ್ತಿ ಕೊಟ್ಟ ಕಲಾವಿದರ ಒಂದು ಕೃತಿ.

ಒಂದು ಬುಧವಾರ, ಆ ಏಳು ಮಕ್ಕಳಲ್ಲಿ ಒಬ್ಬಳಾದ ಭಾಗ್ಯಶ್ರೀ ಹಾಕಿದ್ದು ತನ್ನ ಅಪ್ಪನ ಚಿತ್ರ. ಯಾದಗಿರಿ ಕಡೆಯ ಆತ ಪವಾಯಿಯ ಹೊಸ ಬಿಲ್ಡಿಂಗ್‌ಗಳಲ್ಲಿ ಟೈಲ್ಸ್ ಹಾಕುವ ಕೆಲಸಗಾರ. ಇದ್ದಿಲಿನಲ್ಲಿ ಬರೆದ ಬಾಗಿದ ಬೆನ್ನು, ನೆಲಕ್ಕೂರಿದ ಮೊಣಕಾಲು. ನೆಲವಿರಬೇಕಾದಲ್ಲಿ ಬರೀ ಬಿಳಿ ಹಾಳೆ. “ಫ್ಲೋರ್ ಬಾಕಿ ಹೈ ಸರ್” ಎಂದು ಬರೆದಿದ್ದಳು. ಸ್ಫೂರ್ತಿಯ ಕೃತಿ? ಇಪ್ಪತ್ತು ವರ್ಷದ ಹಿಂದೆ ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ನನ್ನದೇ ಒಂದು ಚಿತ್ರ! ನನ್ನ ಬಳಿಯೇ ಅದರ ಪ್ರತಿ ಇರಲಿಲ್ಲ. ನಾನು ಚಿತ್ರ ಬರೆಯುವುದನ್ನು ಬಿಟ್ಟೂ ಬಹಳ ಕಾಲವಾಗಿತ್ತು.

“ಮಸ್ಕಾ!” ಎಂದು ಒಬ್ಬಳು ಬೆಣ್ಣೆಯ ಚಿತ್ರ ಅಂಟಿಸಿದಳು.

ನನಗೆ ಹೊಸ ಚಿಂತೆ ಶುರುವಾಯಿತು. ಹೆಚ್ಚು ಹೊಗಳಿದರೆ ಪಕ್ಷಪಾತ ಎಂದಾರು. ಆದರೆ ಆ ಖಾಲಿ ನೆಲ! ಅದನ್ನು ತುಂಬಿದರೆ ಚಿತ್ರ ಸತ್ತಂತೆ. ನನ್ನ ಗುರುಗಳು ಚಿತ್ರ ಪೂರ್ಣವಾದಾಗ ಒಂದೇ ಶಬ್ದ ಹೇಳುತ್ತಿದ್ದರು: ಸಾಕು. ಇನ್ನು ಒಂದು ಗೆರೆಯೂ ಬೇಡ, ಕೈ ಎತ್ತು ಎಂದರ್ಥ. ಅವರ ಬಳಿ ಕಲಿತ ಐದು ವರ್ಷದಲ್ಲಿ ಅದು ನನಗೆ ದಕ್ಕಿದ್ದು ಒಮ್ಮೆ ಮಾತ್ರ. ಅವಳ ಚಿತ್ರದ ಕೆಳಗೆ “ಸಾಕು” ಎಂದು ಬರೆದು, ಷರತ್ತಿನಂತೆ ಕನ್ನಡವನ್ನೂ ಉಳಿಸಿದೆನೆಂಬ ಸಮಾಧಾನದಲ್ಲಿ ಫೋನ್ ಮಗುಚಿಟ್ಟೆ.

ಆ ಭಾನುವಾರ ಅವಳು ಬರಲಿಲ್ಲ. ಡೆಂಗ್ಯೂ ಇರಬಹುದೇ ಎಂದು ಚಿಂತಿಸಿದೆ. ಮರುವಾರವೂ ಇಲ್ಲ. ಹುಡುಗಿಯ ಮನೆಗೆ ಫೋನ್ ಮಾಡಿದರೆ ಏನೆಂದುಕೊಳ್ಳುತ್ತಾರೋ ಎಂದು ಚಿಂತಿಸಿದೆ. ಅರ್ಜಿಯ ಕೊನೆಯ ದಿನ ದಾಟಿದ ಮೇಲೆ ಲೆಕ್ಕ ಹಾಕಿದರೆ, ಅರ್ಜಿ ಹಾಕಿದವರು ಆರೇ ಮಂದಿ. ಅಂದು ಸಂಜೆ ಅವಳ ಮನೆ ಹುಡುಕಿಕೊಂಡು ಹೋದೆ.

ತಾಯಿ ಚಾಪೆ ಹಾಸಿದರು. “ಬರ್ರಿ ಸರ್, ಕೂಡ್ರಿ. ನಿಮಗ ಕೈ ಮುಗೀಬೇಕು. ನಾ ದಿನಾ ‘ಸಾಕ್ ಮಾಡವ್ವಾ, ಸಾಕ್ ಮಾಡು’ ಅಂತ ಬಡ್ಕೊಂಡ್ರೂ ಕೇಳಿದ್ದಿಲ್ಲ. ನೀವು ಒಂದ ಮಾತ ಬರದ್ರಿ ನೋಡ್ರಿ, ಅವತ್ತ ಎಲ್ಲಾ ಕಟ್ಟಿ ಅಟ್ಟಕ್ಕ ಇಟ್ಟಳು.”

ಫೋನ್ ತೆಗೆದು, ನಾನು ಬರೆದ ಆ ಒಂದು ಶಬ್ದವನ್ನು ಮತ್ತೆ ಓದಿದೆ.

ಭಾಗ್ಯಶ್ರೀ ಒಳಗಿನಿಂದ ಬಂದಳು, ಮಾಲ್‌ನ ಅಂಗಡಿಯೊಂದರ ಯೂನಿಫಾರ್ಮಿನಲ್ಲಿ. ಚಿತ್ರ ಪೂರ್ಣವಾಗಿದೆ, ಎಲ್ಲಕ್ಕಿಂತ ಚೆನ್ನಾಗಿದೆ ಎಂಬುದೇ ಅದರ ಅರ್ಥ ಎಂದು ಕನ್ನಡದಲ್ಲಿ ವಿವರಿಸಿದೆ, ಅವಳಿಗೆ ತಿಳಿಯಲಿಲ್ಲ. ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ: “ಸಾಕು ಮತ್ಲಬ್... ಪೂರಾ. ಸಬ್‌ಸೇ ಅಚ್ಛಾ.”

ಅವಳು ಕೇಳಿದಳು: “ತೋ ಅಚ್ಛಾ ಥಾ, ಸರ್?”

“ಏಳು ಜನರದ್ದರಲ್ಲೂ ಅದೇ ಅಚ್ಛಾ.”

ನಕ್ಕಳು. “ನನ್ಗೆ ಮನೇದು ಸಾಕು ಒಂದೇ ಬರ್ತದೆ, ಸರ್. ಬಂದ್ ಕರ್ ದೋ, ನಿಲ್ಸು ಅಂತ.”

ಗೋಡೆಗೊರಗಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದ ಅಪ್ಪ ಆಗ ಬಾಯಿಬಿಟ್ಟರು: “ನಾ ನೋಡೇನ್ರಿ ಅದನ್ನ. ನೆಲಾನ ಹಾಕಿಲ್ಲ. ಕೆಲಸ ಅರ್ಧಕ್ಕ ಬಿಟ್ಟಾಳ.”

ಮುಂದಿನ ವರ್ಷ ಅರ್ಜಿ ಹಾಕೋಣ ಎಂದೆ. “ದೇಖ್ತೀ ಹೂಂ, ನೋಡ್ತೀನಿ” ಎಂದು ಫೋನಿನಲ್ಲಿ ಟೈಮ್ ನೋಡಿದಳು. ಡ್ಯೂಟಿಗೆ ತಡವಾಗುತ್ತಿತ್ತು. ಮರುವರ್ಷ ಅರ್ಜಿಯ ಫಾರ್ಮ್ ಕಳಿಸಿದೆ, ಓದಿದಳೆಂಬ ಗುರುತಿಗೆ ಎರಡು ನೀಲಿ ಗೆರೆ ಬಂದವು. ಅದರ ಮರುವರ್ಷವೂ ಅಷ್ಟೇ ಬಂದವು.

ಶಿಷ್ಯರಿಗೆ ಒಂದು ಶಬ್ದ ಕೊಡುವ ಮೊದಲು, ಅದು ಅವರ ಮನೆಯಲ್ಲಿ ಯಾವ ಕೆಲಸ ಮಾಡುತ್ತಿದೆ ಎಂದು ವಿಚಾರಿಸಿಕೊಳ್ಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು, ಕಲಿತದ್ದು ತಡವಾಗಿ. ಈಗ ಪ್ರತಿ ಚಿತ್ರದ ಕೆಳಗೆ ಮೂರು ಭಾಷೆಯಲ್ಲಿ ಉದ್ದುದ್ದ ಬರೆಯುತ್ತೇನೆ. ಮಕ್ಕಳು ಓದದೆ ಹೆಬ್ಬೆರಳು ಎತ್ತುತ್ತಾರೆ.

ಭಾಗ್ಯಶ್ರೀ ಗ್ರೂಪ್ ಬಿಟ್ಟಿಲ್ಲ. ಕಳೆದ ಬುಧವಾರವೂ, ಎಲ್ಲರ ಅರ್ಧ ಚಿತ್ರಗಳ ಕೆಳಗೆ ನಾನು ಬರೆದದ್ದನ್ನು ಓದಿದವರ ಪಟ್ಟಿಯಲ್ಲಿ ಅವಳ ಹೆಸರಿತ್ತು. ಅವಳು ಏನನ್ನೂ ಹಾಕಿರಲಿಲ್ಲ.