ಗಂಧ ಹಚ್ಚಿಸಿಕೊಂಡ ಕಂಪ್ಯೂಟರ್

ಹೊಳಲ್ಕೆರೆ ಬಸ್ ನಿಲ್ದಾಣದ ಎದುರು ನನ್ನದೊಂದು ಪುಟ್ಟ ಅಂಗಡಿ. ಆನ್‌ಲೈನ್ ಅರ್ಜಿ ತುಂಬುವುದು, ಜೆರಾಕ್ಸ್ ಮಾಡುವುದು ನನ್ನ ಕಸುಬು. ಇರುವುದು ಒಂದೇ ಕಂಪ್ಯೂಟರ್. ಆಯುಧ ಪೂಜೆಯ ದಿನ ಅದಕ್ಕೆ ನಾನು ಯಾವ ಕೊರತೆಯನ್ನೂ ಮಾಡುವುದಿಲ್ಲ. ಆ ವರ್ಷವೂ ಗಂಧ ತೇಯ್ದು ಮಾನಿಟರಿಗೆ, ಕೀಬೋರ್ಡಿಗೆ, ಸಿಪಿಯು ಡಬ್ಬಿಯ ಮೈತುಂಬ ಧಾರಾಳವಾಗಿ ಬಳಿದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದ್ದೆ.

ಹಬ್ಬ ಮುಗಿಸಿ ಅಂಗಡಿ ತೆರೆದ ದಿನ ಬಿ.ದುರ್ಗ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಕುರಿ ಸಾಕುವ ಮನೆಯವಳು, ಪಿಯುಸಿ ಪಾಸಾಗಿದ್ದಳು. ಊರಿನ ಗ್ರಂಥಾಲಯದ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಅಂದು ಸಂಜೆ ಐದಕ್ಕೆ ಕೊನೆ. ಆಗಲೇ ಗಂಟೆ ಮೂರಾಗಿತ್ತು.

ಕಂಪ್ಯೂಟರ್ ಆನ್ ಮಾಡಿದೆ. ಪರದೆಯಲ್ಲಿ ಚಿತ್ರ ಮೂಡಿತು, ಆರಿತು, ಮತ್ತೆ ಮೊದಲಿನಿಂದ ಶುರುವಾಯಿತು. ಐದಾರು ಸಲ ಹೀಗೇ. ನನಗೆ ಪಿತ್ತ ನೆತ್ತಿಗೇರಿತು. ಯಜಮಾನರಿಗೆ ಫೋನ್ ಮಾಡಿದರೆ, "ವೈರಸ್ ಬಂದಿರ್ಬೇಕು ಕಣೇ" ಎಂದು ಊಟದ ನಡುವೆಯೇ ತೀರ್ಪು ಕೊಟ್ಟರು.

"ಅಕ್ಕಾ, ಅದು..." ಎಂದಳು ಹುಡುಗಿ.

"ನಿಂಗೆ ಇದೆಲ್ಲ ತಿಳಿಯಲ್ಲವ್ವ, ಸುಮ್ನೆ ಕುಂತ್ಕ" ಎಂದೆ.

ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಡಬ್ಬಿ ಬಿಚ್ಚಿ, ಧೂಳು ಊದಿ, ನಾನೇ ಸೀನಿದೆ. ರ್‍ಯಾಮ್ ಪಟ್ಟಿ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಈ ವಿದ್ಯೆಯ ಬಗ್ಗೆ ನನಗೆ ಬಹಳ ಜಂಬ. ಕಂಪ್ಯೂಟರ್ ಯಾವುದಕ್ಕೂ ಜಗ್ಗಲಿಲ್ಲ. ಪಕ್ಕದ ರಸ್ತೆಯ ಅಂಗಡಿಯವರು ಇನ್ನೂ ಹಬ್ಬದಲ್ಲೇ ಇದ್ದರು, ಬಾಗಿಲು ತೆರೆದಿರಲಿಲ್ಲ. ನಾಲ್ಕೂವರೆಯಾಯಿತು. ಹುಡುಗಿ ಕಣ್ಣೊರೆಸಿಕೊಂಡದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಕೊನೆಗೆ ಅವಳೇ ಎದ್ದು ಬಂದು ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ಈ ಸಣ್ಣ ಗುಂಡಿ ಒಳಗೇ ಸಿಕ್ಕಂಡೈತಲ್ಲಕ್ಕ. ಆಗ್ಲೇ ಹೇಳಾಕೆ ಬಂದೆ."

ರೀಸ್ಟಾರ್ಟ್ ಮಾಡುವ ಗುಂಡಿ! ನನ್ನ ಭಕ್ತಿಯ ಗಂಧ ಅದರ ಸುತ್ತ ಗಾರೆಯಂತೆ ಒಣಗಿ, ಗುಂಡಿ ಅರೆಬರೆ ಒತ್ತಿಕೊಂಡೇ ಕೂತಿತ್ತು. ಅವಳು ಸೆರಗಿನ ಪಿನ್ನು ತೆಗೆದು ಕೆರೆದಳು. ಗುಂಡಿ ಟಕ್ಕೆಂದು ಹೊರಬಂತು. ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ಶುರುವಾಯಿತು.

"ನಿಂಗೆ ಹೆಂಗೆ ಗೊತ್ತಾತೇ?"

"ಕುರಿ ಕುಂಟಿದ್ರೆ ಮೊದ್ಲು ಗೊರಸು ನೋಡ್ತೀವಿ ಅಕ್ಕ. ನೀವು ಸೀದಾ ಹೊಟ್ಟೆನೇ ಬಗೆದ್ರಿ."

ನಾಚಿಕೆಯಾಯಿತು. ಅರ್ಜಿ ತುಂಬತೊಡಗಿದೆ. ಹೆಸರು, ವಿಳಾಸ, ಅಂಕಗಳು. ಕೊನೆಯಲ್ಲಿ "ಕಂಪ್ಯೂಟರ್ ಜ್ಞಾನ ಇದೆಯೇ?" ಎಂಬ ಕಾಲಂ ಬಂತು.

"ಇಲ್ಲ ಅಂತ ಹಾಕ್ರಿ" ಎಂದಳು, ಸಣ್ಣ ದನಿಯಲ್ಲಿ.

ಐದಕ್ಕೆ ಇನ್ನು ನಾಲ್ಕು ನಿಮಿಷವಿತ್ತು. "ಇದೆ" ಎಂಬುದನ್ನು ಒತ್ತಿ ಅರ್ಜಿ ಕಳಿಸಿದೆ.