ಹನ್ನೊಂದು ಗಂಟೆಯ ಫೋನು ಹೋದ ದಾರಿ

ಹಿರಿಯೂರಿನ ಬಸ್ಸು ಚಿತ್ರದುರ್ಗದಿಂದ ಬೆಳಗ್ಗೆ ಆರೂವರೆಗೆ ಹೊರಟಿತು. ಟಿಕೆಟ್ಟು ಹದಿನೆಂಟು ರೂಪಾಯಿ, ದೂರ ಸುಮಾರು ನಲವತ್ತು ಕಿಲೋಮೀಟರು. 2005ರ ಮಾರ್ಚ್ ತಿಂಗಳು. ಬಿಸಿಲು ಇನ್ನೂ ಏರಿರಲಿಲ್ಲ. ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರಿನ ಬಾಟಲಿ, ಅಳತೆ ಟೇಪು ಮತ್ತು ಎರಡು ಹಾಳೆಯ ಒಂದು ಫಾರಂ ಇದ್ದವು.

ಆ ಫಾರಂ ತುಂಬುವುದಕ್ಕೇ ಈ ಪ್ರಯಾಣ. ಎಂ.ಎಸ್ಸಿ. ಮುಗಿಸಿದ ಮೇಲೆ ನಾನು ಕುಡಿಯುವ ನೀರಿನ ಪೈಪ್‌ಲೈನ್ ಹಾಕುವ ಗುತ್ತಿಗೆದಾರರೊಬ್ಬರ ಕಚೇರಿ ಸೇರಿ ಏಳು ತಿಂಗಳಾಗಿತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಮೂರು ಕಡೆ ಕೆಲಸ ನಡೆದಿತ್ತು. ದಿನಾ ಹನ್ನೊಂದು ಗಂಟೆಗೆ ಮೂರೂ ಕಡೆ ಫೋನ್ ಮಾಡಿ, ಹಿಂದಿನ ದಿನ ಎಷ್ಟು ಪೈಪು ಇಳಿಸಿದರೆಂದು ಕೇಳಿ ಬರೆದುಕೊಳ್ಳುವುದು ನನ್ನ ಪಾಲಿನ ಕೆಲಸ. ಹಿಂದಿನ ವಾರ ಹೊಳಲ್ಕೆರೆ ಕಡೆ, ಪೈಪಿಗೆಂದು ತೋಡಿದ ಟ್ರೆಂಚಿನ ಬದಿ ಕುಸಿದು, ಒಳಗಿದ್ದ ಹನುಮಂತಪ್ಪ ಎಂಬವರ ಕಾಲು ಮುರಿದಿತ್ತು. ಮಣ್ಣು ಬಿರಿದರೆ ಎಚ್ಚರಿಸಲೆಂದು ಮೇಲೆ ದಂಡೆಯಲ್ಲಿ ಕಾವಲು ನಿಂತಿದ್ದ ತಿಪ್ಪೇಸ್ವಾಮಿ ಎಂಬವರು ಆಗ ಮೊಬೈಲಿನಲ್ಲಿ ಮಾತಾಡುತ್ತಿದ್ದರಂತೆ.

“ಕಾವಲಿನವನು ಫೋನಲ್ಲಿ ಮೈಮರೆತಿದ್ದ ಅಂತ ಬರೆದು, ಅವನ ಸಹಿ ಹಾಕಿಸ್ಕೊಂಡು ಬನ್ನಿ. ಸೋಮವಾರದಿಂದ ಬೇರೆಯವನನ್ನ ಹಾಕೋಣ. ಹಾಗೇ ಮಿಕ್ಕ ಕಡೆ ಮೊಬೈಲ್ ಕಾಟ ಎಷ್ಟಿದೆ ನೋಡ್ಕೊಂಡು ಬನ್ನಿ” ಎಂದಿದ್ದರು ನಮ್ಮ ಎಂಜಿನಿಯರು.

ಅಪಘಾತವಾದದ್ದು ಹನ್ನೊಂದು ಹತ್ತಕ್ಕೆ. ಆ ಹೊತ್ತಿನಲ್ಲಿ ತಿಪ್ಪೇಸ್ವಾಮಿಯ ಜೊತೆ ಮಾತಾಡುತ್ತಿದ್ದವಳು ನಾನು. ಮಾತು ಅರ್ಧಕ್ಕೆ ನಿಂತಾಗ ಲೈನು ಹೋಯಿತೆಂದುಕೊಂಡು, ಸಂಖ್ಯೆಯ ಜಾಗದಲ್ಲಿ ಒಂದು ಗೆರೆ ಎಳೆದು ರಿಜಿಸ್ಟರ್ ಮುಚ್ಚಿದ್ದೆ. ಇದನ್ನು ಎಂಜಿನಿಯರಿಗೆ ಹೇಳಿರಲಿಲ್ಲ.

ಹಿರಿಯೂರಿನಲ್ಲಿ ಇಡ್ಲಿ ತಿಂದು ಆಟೊ ಹಿಡಿದೆ. ಕೆಲಸದ ಜಾಗ ವೇದಾವತಿ ದಾಟಿ ಸ್ವಲ್ಪ ದೂರದಲ್ಲಿತ್ತು. ಅಲ್ಲಿನ ಮೇಸ್ತ್ರಿ ರಂಗಪ್ಪ ನನ್ನನ್ನು ಒಂದು ಬೇವಿನ ಮರದ ಹತ್ತಿರ ಕರೆದುಕೊಂಡು ಹೋದರು. ಕೊಂಬೆಗೆ ಪ್ಲಾಸ್ಟಿಕ್ ಬಕೆಟ್ಟು ನೇತುಹಾಕಿದ್ದರು. ಅದರೊಳಗೆ ಏಳೆಂಟು ಮೊಬೈಲು.

“ಗುಂಡಿಗೆ ಇಳಿಯೋರು ಮೊದ್ಲು ಇಲ್ಲಿ ಹಾಕ್ಬೇಕು, ಆಮೇಲೆ ಇಳೀಬೇಕು. ನಂದೂ ಇದ್ರಾಗೇ ಐತೆ” ಎಂದರು.

ಅಷ್ಟರಲ್ಲಿ ಬಕೆಟ್ಟು ಹಾಡತೊಡಗಿತು. ಟ್ರೆಂಚಿನೊಳಗಿಂದ ಒಂದು ದನಿ, “ಲೇ, ನಿನ್ ಹೆಂಡ್ತಿ ಕಣೋ!” ಎಂದಿತು. ಇನ್ನೊಂದು ದನಿ, “ನನ್ ಹೆಂಡ್ತಿ ಮಿಸ್ ಕಾಲಷ್ಟೇ ಕೊಡದು, ಇಷ್ಟೊತ್ತು ಬಡ್ಕಳಲ್ಲ. ಇದು ನಿಮ್ಮತ್ತೆ!” ಎಂದಿತು. ಎಲ್ಲರೂ ನಕ್ಕರು. ಯಾರೂ ಮೇಲೆ ಬರಲಿಲ್ಲ.

ದಂಡೆಯಲ್ಲಿ ನಿಂತಿದ್ದ ಕಾವಲಿನವನ ಅಂಗಿ ಜೇಬಿನಲ್ಲಿ ಮಾತ್ರ ಫೋನಿತ್ತು. ಅದೇಕೆಂದು ರಂಗಪ್ಪನವರನ್ನು ಕೇಳಿದೆ.

“ಆಫೀಸಿಂದ ಹನ್ನೊಂದಕ್ಕೆ ಫೋನ್ ಬತ್ತೈತಲ್ರಿ, ಎತ್ತಾಕೆ ಒಬ್ಬ ಬೇಕಲ್ಲ. ಮಿಕ್ಕೋರೆಲ್ಲ ಕೆಲಸ್ದಾಗಿರ್ತಾರೆ. ಇವ್ನು ಸುಮ್ನೆ ನಿಂತಿರ್ತಾನೆ.”

ಹನ್ನೊಂದಕ್ಕೆ ಆ ಫೋನು ಬಂತು. ನನ್ನ ಬದಲಿಗೆ ಕಚೇರಿಯಲ್ಲಿ ಕುಳಿತಿದ್ದವರು ಮಾಡಿದ್ದು. ಕಾವಲಿನವನು ಟ್ರೆಂಚಿಗೆ ಬೆನ್ನು ಹಾಕಿ, ಒಂದು ಕಿವಿ ಮುಚ್ಚಿಕೊಂಡು ಲೆಕ್ಕ ಹೇಳಿದ. ನಾನು ಗಡಿಯಾರ ನೋಡಿದೆ. ಎರಡು ನಿಮಿಷ ಹತ್ತು ಸೆಕೆಂಡು.

ಮಧ್ಯಾಹ್ನದ ಹೊಸದುರ್ಗದ ಬಸ್ಸಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಹೊತ್ತು ಏರಿದಂತೆ ಕಬ್ಬಿಣದ ಸರಳು ಹಿಡಿಯಲಾಗದಷ್ಟು ಕಾದಿತ್ತು. ಹೊಸದುರ್ಗದ ಕೆಲಸದಲ್ಲೂ ಫೋನು ಕಾವಲಿನವನ ಕೈಯಲ್ಲೇ ಇತ್ತು. ಕಾರಣವೂ ಅದೇ: ಅವನು ಸುಮ್ಮನೆ ನಿಂತಿರುತ್ತಾನೆ.

ಅಲ್ಲಿಂದ ನಾಲ್ಕು ಕಿಲೋಮೀಟರಿನ ಒಂದು ಹಳ್ಳಿಯಲ್ಲಿ ಹನುಮಂತಪ್ಪನವರ ಮನೆ. ಅವರು ಜಗಲಿಯ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕುಳಿತಿದ್ದರು.

“ಬರ್ರಿ ಮೇಡಮ್ಮೋರೆ, ಕುಂತ್ಕಳ್ರಿ. ನಾನು ಏಳಂಗಿಲ್ಲ, ಬೇಜಾರ್ ಮಾಡ್ಕಬ್ಯಾಡ್ರಿ. ಈಗ ನಾನೇ ಮೇಸ್ತ್ರಿ ಆಗ್ಬಿಟ್ಟಿವ್ನಿ, ಕುಂತಲ್ಲೇ ಎಲ್ರಿಗೂ ಕೆಲ್ಸ ಹೇಳದು.”

ಅವರ ಹೆಂಡತಿ ಗೌರಮ್ಮ ಮಂಡಕ್ಕಿ ತಂದಿಟ್ಟರು. ಅವರಿಗೆ ನಗು ಬರಲಿಲ್ಲ. “ತಿಪ್ಪೇಸ್ವಾಮಣ್ಣನ್ನ ಕೆಲ್ಸ ಬಿಡುಸ್ತಾರಂತೆ, ಹೌದೇನ್ರಿ?” ಎಂದು ಕೇಳಿದರು. ನಾನು ಫಾರಂ ತೋರಿಸಿ, ವಿಚಾರಣೆ ನಡೆದಿದೆ ಎಂದೆ.

“ಎದೆಮಟ ಮಣ್ಣಾಗ್ ಹೂತೋಗಿದ್ದ ಇವ್ರನ್ನ ಬರಿಗೈಲಿ ತೋಡಿ ತೆಗೆದೋನು ಅವ್ನೇ. ಉಗುರೆಲ್ಲ ಕಿತ್ತೋಗ್ಯಾವೆ. ಫೋನ್ ಎತ್ತಿದೋನ್ನ ಹಿಡ್ಕಂಡೀರಲ್ಲ, ಮಾಡಿದೋರು ಯಾರು ಅಂತ ಕೇಳಿದೀರೇನ್ರಿ?”

“ಏ, ಸುಮ್ನಿರೆ” ಎಂದರು ಹನುಮಂತಪ್ಪ.

ನನಗೆ ಉತ್ತರ ಗೊತ್ತಿತ್ತು. ಮಂಡಕ್ಕಿ ಮುಗಿಸಿ, ನೀರು ಕುಡಿದು, ಅವರ ಹೇಳಿಕೆ ಬರೆದುಕೊಂಡು ಎದ್ದೆ. ಹೊಸದುರ್ಗಕ್ಕೆ ನಡೆದೇ ಬಂದೆ. ಆ ನಾಲ್ಕು ಕಿಲೋಮೀಟರು ಆ ಪ್ರಯಾಣದಲ್ಲೇ ಉದ್ದದ ದಾರಿ.

ಮರುದಿನ ಹೊಳಲ್ಕೆರೆ. ಕೆಲಸ ಊರಿನಿಂದಾಚೆ, ಚಿತ್ರದುರ್ಗದ ರಸ್ತೆಯ ಪಕ್ಕದಲ್ಲೇ ನಡೆದಿತ್ತು. ತಿಪ್ಪೇಸ್ವಾಮಿ ದಂಡೆಯಲ್ಲೇ ಇದ್ದರು. ಬೇರೆ ಜನ ಬರುವವರೆಗೆ ನಿಂತಿರಲೆಂದು ಮೇಸ್ತ್ರಿ ಹೇಳಿದ್ದರಂತೆ. ಐವತ್ತರ ಹತ್ತಿರದ ವಯಸ್ಸು, ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದರು, ಬಗಲಿಗೆ ಉದ್ದನೆಯ ಕೋಲು ಊರಿಕೊಂಡಿದ್ದರು. ಕುರಿ ಕಾಯ್ದವರನ್ನೇ ದಂಡೆಗೆ ಆರಿಸುವುದು ಈ ಕಡೆಯ ಮೇಸ್ತ್ರಿಗಳ ರೂಢಿ. ದಿನವೆಲ್ಲ ನಿಂತು ನೋಡುವುದು ಅವರಿಗೆ ಗೊತ್ತು. ಮಣ್ಣು ಬಿರಿದರೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುತ್ತಾರೆ, ಒಳಗಿದ್ದವರು ಹಾರಿ ಮೇಲೆ ಬರುತ್ತಾರೆ. ಆ ದಿನ ಸಿಳ್ಳೆಯ ಬಾಯಿ ನನಗೆ ಲೆಕ್ಕ ಹೇಳುತ್ತಿತ್ತು.

ಊಟದ ಬಿಡುವಿನಲ್ಲಿ, ಟ್ರೆಂಚು ಖಾಲಿಯಾದ ಮೇಲೆ, ಎಲ್ಲಿ ನಿಂತು ಮಾತಾಡಿದಿರೆಂದು ಅವರನ್ನು ಕೇಳಿದೆ. ಅವರು ತೋಡಿದ ಮಣ್ಣಿನ ಗುಡ್ಡೆಯನ್ನು ತೋರಿಸಿದರು.

“ಇಲ್ಲಿ ಕೆಳಗೆ ಟವರ್ ಸಿಗಲ್ರಿ. ಗುಡ್ಡೆ ಹತ್ತಿದ್ರೆ ಎರಡು ಕಡ್ಡಿ ಬತ್ತವೆ.”

ಮೇಸ್ತ್ರಿಯ ಫೋನು ಇಸಿದುಕೊಂಡು ನೋಡಿದೆ. ಹೌದು, ಕೆಳಗೆ ಏನೂ ಇಲ್ಲ. ಗುಡ್ಡೆಯ ನೆತ್ತಿಗೆ ಹತ್ತುತ್ತಿದ್ದಂತೆ ಎರಡು ಕಡ್ಡಿ. ಅಷ್ಟರಲ್ಲಿ ನನ್ನ ಕಾಲಡಿಯ ಮಣ್ಣು ಜಾರಿ ಟ್ರೆಂಚಿನೊಳಗೆ ಬಿತ್ತು. ಸದ್ದು ದೊಡ್ಡದೇನಲ್ಲ. ಇಳಿದು ಬಂದು ಟೇಪು ಹಿಡಿದೆ: ಗುಡ್ಡೆಗೂ ಟ್ರೆಂಚಿನ ಅಂಚಿಗೂ ನಡುವೆ ಒಂದು ಅಡಿಯೂ ಇರಲಿಲ್ಲ. ದಿನಾ ಹನ್ನೊಂದಕ್ಕೆ ಒಬ್ಬ ಮನುಷ್ಯನ ಭಾರವನ್ನು ನಾವು ಅಲ್ಲಿಗೆ ಹತ್ತಿಸುತ್ತಿದ್ದೆವು.

“ಆ ಫೋನ್ ಮಾಡಿದ್ದು ನಾನು” ಎಂದೆ.

“ನೀವು ಆಟೊ ಇಳಿದು ಮಾತಾಡ್ದಾಗ್ಲೇ ದನಿ ಗೊತ್ತಾತು” ಎಂದರು ಅವರು. “ಅವತ್ತು, ‘ಇನ್ನೊಂದ್ ಸಲ ಹೇಳ್ರಿ, ಸರಿಯಾಗಿ ಕೇಳಿಸ್ಲಿಲ್ಲ’ ಅಂದ್ರಿ.”

ಅಂದಿದ್ದೆ. ಎರಡು ಸಲ.

“ಬಿರುಕು ನಾನು ನೋಡ್ಬೇಕಿತ್ತು, ಅದು ನನ್ ತಪ್ಪೇಯ. ಇಲ್ಲ ಅನ್ನಲ್ಲ” ಎಂದರು. “ಕುರಿ ಕಾಯೋವಾಗ ಯಾರತ್ರನಾ ಮಾತಾಡ್ಕಂಡೇ ಕಾಯ್ಬೌದು ಮೇಡಮ್ಮೋರೆ. ತೋಳ ಬಂದ್ರೆ ಕುರಿಗಳೇ ಹೇಳ್ತವೆ. ಮಣ್ಣು ಹೇಳಲ್ಲ.”

ಫಾರಮಿನಲ್ಲಿ ಕಾವಲಿನವನು ಫೋನಿನಲ್ಲಿದ್ದನೇ ಎಂಬ ಪ್ರಶ್ನೆಯಿತ್ತು. ಯಾರ ಜೊತೆ, ಯಾರ ಅಪ್ಪಣೆಯಿಂದ, ಎಲ್ಲಿ ನಿಂತು ಎಂಬವು ಇರಲಿಲ್ಲ. ಅವರು ಹೇಳಿದ್ದನ್ನು ಹೇಳಿದಂತೆ ಬರೆದು ಓದಿ ಹೇಳಿದೆ. ನೋವಿನ ಬೆರಳಿನಲ್ಲಿ ನಿಧಾನವಾಗಿ ಸಹಿ ಹಾಕಿದರು. ಅದರ ಕೆಳಗೆ ನನ್ನ ಹೇಳಿಕೆ ಬರೆದೆ: ಕರೆ ಮಾಡಿದ್ದು ನಾನು, ಕಚೇರಿಯ ಕೆಲಸಕ್ಕೆ, ಸಂಖ್ಯೆಯನ್ನು ಎರಡು ಸಲ ಮತ್ತೆ ಹೇಳಿಸಿದೆ. ನನ್ನ ಸಹಿಯನ್ನೂ ಹಾಕಿದೆ.

ರಸ್ತೆಯಾಚೆಯ ಅಂಗಡಿಯಲ್ಲಿ ಒಂದು ರೂಪಾಯಿ ಹಾಕುವ ಫೋನಿತ್ತು. ಎಂಜಿನಿಯರಿಗೆ ಎಲ್ಲವನ್ನೂ ಹೇಳಿದೆ.

“ಅದನ್ನೆಲ್ಲ ಬರೀಲೇಬೇಕಾ?” ಎಂದರು.

“ಬರೆದಾಯ್ತು ಸರ್. ಹನ್ನೊಂದರ ಫೋನು ಇನ್ನು ಬೇಡ. ಸಂಜೆ ಎಲ್ಲರೂ ಮೇಲೆ ಬಂದ ಮೇಲೆ ಕೇಳ್ತೀನಿ.”

ಅವರು ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ರೂಪಾಯಿ ಹಾಕಬೇಕಾಯಿತು. “ಸರಿ, ಸೋಮವಾರ ಯಾರನ್ನೂ ಕಳಿಸಲ್ಲ. ನೀವು ಬನ್ನಿ, ಮಾತಾಡೋಣ. ಸುಲಭ ಇರಲ್ಲ” ಎಂದರು. ಸುಲಭವಾಗಿರಲೂ ಇಲ್ಲ, ಅದು ಕಚೇರಿಯ ಮಾತು, ಇಲ್ಲಿ ಬೇಡ.

ಮತ್ತೆ ದಂಡೆಗೆ ಹೋಗಿ, “ಸೋಮವಾರವೂ ನೀವೇ” ಎಂದು ತಿಪ್ಪೇಸ್ವಾಮಿಗೆ ತಿಳಿಸಿದೆ. “ಆತು” ಎಂದರು, ಅಷ್ಟೇ. ಜನ ಮತ್ತೆ ಟ್ರೆಂಚಿಗೆ ಇಳಿಯುತ್ತಿದ್ದರು.

ಚಿತ್ರದುರ್ಗದ ಬಸ್ಸು ಮೂರೂಮುಕ್ಕಾಲಿಗೆ ಸಿಕ್ಕಿತು. ಕಿಟಕಿಯ ಪಕ್ಕ ಕುಳಿತೆ. ಬಸ್ಸು ಕೆಲಸದ ಜಾಗ ದಾಟುವಾಗ ತಿಪ್ಪೇಸ್ವಾಮಿ ಗುಡ್ಡೆಯಿಂದ ದೂರ, ಗಟ್ಟಿ ನೆಲದ ಮೇಲೆ ಕೋಲೂರಿ ನಿಂತಿದ್ದರು. ಕ್ರೇನಿನಿಂದ ಒಂದು ಪೈಪು ಇಳಿಯುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದರೂ ಅವರು ತಿರುಗಲಿಲ್ಲ. ಕೈ ಬೀಸಬೇಕೆಂದುಕೊಂಡಿದ್ದೆ. ಬೀಸಿದರೆ ಇತ್ತ ನೋಡಿಯಾರೆಂದು ಕೈಯನ್ನು ಒಳಗೇ ಇಟ್ಟುಕೊಂಡೆ.